ಹೆಣ್ಣುಮಕ್ಕಳ ಒಡವೆ ಶಾಸ್ತ್ರದಾನವಾಯಿತು: ಪಂಡಿತ ಜುಗಲಕಿಶೋರ ಮುಖ್ತಾರರ ಜೀವನ

‘ಮೇರೀ ಭಾವನಾ’ ಎಂಬ ಹನ್ನೊಂದು ಪದ್ಯಗಳ ಹಿಂದಿ ಪ್ರಾರ್ಥನೆಯನ್ನು ಒಮ್ಮೆಯಾದರೂ ಕೇಳದ ಜೈನ ಮನೆ ವಿರಳ. ಪಾಠಶಾಲೆಯ ಮಕ್ಕಳು ಅದನ್ನು ಹೇಳುತ್ತಾರೆ. ಬಸದಿಯ ಸಭೆಗಳಲ್ಲಿ ಹಿರಿಯರು ಹೇಳುತ್ತಾರೆ. ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಅದು ಅನುವಾದವಾಗಿದೆ. ಅದನ್ನು ಬರೆದ ಪಂಡಿತ ಜುಗಲಕಿಶೋರ ಮುಖ್ತಾರರನ್ನು ‘ಯುಗವೀರ’ ಎಂಬ ಕಾವ್ಯನಾಮದಿಂದ ಕೆಲವರು ಬಲ್ಲರು. ಸಮಂತಭದ್ರಾಚಾರ್ಯರ ಕೃತಿಗಳ ಸಂಶೋಧಕರು, ‘ಅನೇಕಾಂತ’ ಪತ್ರಿಕೆಯ ಸಂಪಾದಕರು ಎಂದು ವಿದ್ವಾಂಸರು ಬಲ್ಲರು. ಆದರೆ ಅವರು ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ತಂದೆ ಎಂಬುದೂ, ಆ ಮಕ್ಕಳ ಮೈಮೇಲಿದ್ದ ಒಡವೆಗಳನ್ನು ಬೇರೆಯವರ ಮಕ್ಕಳ ಓದಿಗೆ ಮೀಸಲಿಟ್ಟರು ಎಂಬುದೂ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಮನೆಯಲ್ಲಿ ಮಗು ತೀರಿಕೊಂಡಾಗ ಅದರ ನೆನಪಿಗೆ ಏನಾದರೂ ಮಾಡಬೇಕು ಎಂದು ಹಂಬಲಿಸುವ ಎಲ್ಲ ಶ್ರಾವಕ ಕುಟುಂಬಗಳೂ ತಿಳಿದಿರಬೇಕಾದ ಜೀವನ ಇದು.

ಸರಸಾವಾದಲ್ಲಿ ಬಾಲ್ಯ

ಇಂದಿನ ಉತ್ತರಪ್ರದೇಶದ ಸಹಾರನಪುರ ಜಿಲ್ಲೆಯಲ್ಲಿ ಸರಸಾವಾ ಎಂಬ ಊರಿದೆ. ಅಲ್ಲಿನ ಅಗರವಾಲ ಜೈನ ಮನೆತನದಲ್ಲಿ 1877ರ ಮಾರ್ಗಶಿರ ಶುಕ್ಲ ಏಕಾದಶಿಯಂದು ಜುಗಲಕಿಶೋರರು ಹುಟ್ಟಿದರು. ತಂದೆ ನತ್ಥೂಮಲ್. ಆ ಕಾಲದ ಆ ಸೀಮೆಯ ರೂಢಿಯಂತೆ ಮೊದಲ ಓದು ಉರ್ದು ಮತ್ತು ಪಾರಸಿಯಲ್ಲಿ ನಡೆಯಿತು. ಆಮೇಲೆ ಜೈನ ಪಾಠಶಾಲೆಯಲ್ಲಿ ಹಿಂದಿ ಮತ್ತು ಸಂಸ್ಕೃತ, ನಂತರ ಸಹಾರನಪುರದಲ್ಲಿ ಇಂಗ್ಲಿಷ್ ಓದಿದರು. ಶಾಲೆಯ ವ್ಯಾಸಂಗ ನಡುವೆ ನಿಂತಿತು. ಆದರೂ ಪಟ್ಟು ಬಿಡದೆ ಎಂಟ್ರೆನ್ಸ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ತೇರ್ಗಡೆಯಾದರು.

ಕೆಲಕಾಲ ಒಂದು ಜೈನ ಸಭೆಯ ಉಪದೇಶಕರಾಗಿ ಸಂಬಳಕ್ಕೆ ಕೆಲಸ ಮಾಡಿದರು. ಧರ್ಮವನ್ನು ಹೇಳಿ ಕೂಲಿ ಪಡೆಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇರಬೇಕು, ಧರ್ಮದ ಕೆಲಸ ಬಿಟ್ಟಿಯಾಗಿ ನಡೆಯಬೇಕು ಎಂದುಕೊಂಡು ಅದನ್ನು ಬಿಟ್ಟರು. ಕಾನೂನು ಓದಿ ಮುಖ್ತಾರರಾದರು. ಕಕ್ಷಿದಾರರ ಪರವಾಗಿ ಕೋರ್ಟು ಕಚೇರಿಗಳಲ್ಲಿ ವ್ಯವಹರಿಸುತ್ತಿದ್ದ, ವಕೀಲರಿಗಿಂತ ಒಂದು ಮೆಟ್ಟಿಲು ಕೆಳಗಿನ ವೃತ್ತಿ ಅದು. ಮೊದಲು ಸಹಾರನಪುರದಲ್ಲಿ, ನಂತರ ಅದೇ ಜಿಲ್ಲೆಯ ದೇವಬಂದದಲ್ಲಿ ಕೆಲಸ ಮಾಡಿದರು. ಸಂಪಾದನೆ ಚೆನ್ನಾಗಿತ್ತು. ವೃತ್ತಿಯ ಹೆಸರೇ ಕೊನೆಯವರೆಗೂ ಅವರ ಹೆಸರಿನೊಂದಿಗೆ ಉಳಿಯಿತು.

ಹಗಲಿಗೆ ಕೋರ್ಟು, ರಾತ್ರಿಗೆ ಶಾಸ್ತ್ರ ಎಂಬುದು ದಿನಚರಿಯಾಯಿತು. ದಸ್ತಾವೇಜುಗಳಲ್ಲಿ ಯಾವುದು ಅಸಲು, ಯಾವುದು ನಕಲು ಎಂದು ನೋಡುವ ಕಣ್ಣು ವೃತ್ತಿಯಿಂದ ಬಂದಿತ್ತು. ಆ ಕಣ್ಣನ್ನೇ ಅವರು ಮುಂದೆ ಶಾಸ್ತ್ರಗ್ರಂಥಗಳ ಮೇಲೆ ತಿರುಗಿಸಿದರು.

ಪ್ಲೇಗಿನ ವರ್ಷ

1899ರಲ್ಲಿ ಅವರಿಗೆ ಮೊದಲ ಮಗಳು ಹುಟ್ಟಿದಳು. ಸನ್ಮತಿಕುಮಾರಿ ಎಂದು ಹೆಸರಿಟ್ಟರು. ಸನ್ಮತಿ ಎಂಬುದು ಭಗವಾನ್ ಮಹಾವೀರರ ಹೆಸರುಗಳಲ್ಲಿ ಒಂದು. ಒಳ್ಳೆಯ ಬುದ್ಧಿ ಎಂಬುದು ಆ ಮಾತಿನ ಅರ್ಥ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ನಮ್ಮ ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಮೈಸೂರುಗಳನ್ನು ಹೇಗೆ ಬರಿದು ಮಾಡಿತು ಎಂಬುದನ್ನು ಹಳೆಯ ತಲೆಗಳಿಂದ ಕೇಳಿದವರು ಇನ್ನೂ ಇದ್ದಾರೆ. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಅದೇ ರೋಗ ಉತ್ತರ ಭಾರತವನ್ನೂ ವರ್ಷದಿಂದ ವರ್ಷಕ್ಕೆ ಹಿಂಡಿತು. ಅವುಗಳಲ್ಲೆಲ್ಲ ಕೆಟ್ಟ ವರ್ಷ 1907. ಆ ಒಂದೇ ವರ್ಷದಲ್ಲಿ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು. ಆ ಲೆಕ್ಕದಲ್ಲಿ ಸನ್ಮತಿಯೂ ಒಬ್ಬಳು. ಆಗ ಅವಳಿಗೆ ಸುಮಾರು ಎಂಟು ವರ್ಷ.

ಅದೇ 1907ರಲ್ಲಿ ಮುಖ್ತಾರರು ‘ಜೈನ ಗೆಜೆಟ್’ ವಾರಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ದುಃಖದ ವರ್ಷವೂ, ಸಮಾಜದ ಕೆಲಸ ಹೆಗಲಿಗೇರಿದ ವರ್ಷವೂ ಒಂದೇ ಆಯಿತು.

ವೃತ್ತಿಗೆ ವಿದಾಯ, ‘ಮೇರೀ ಭಾವನಾ’

ದೇವಬಂದದಲ್ಲಿ ಬಾಬು ಸೂರಜಭಾನು ಎಂಬ ಜೈನ ವಕೀಲರಿದ್ದರು. ಜೈನ ಶಾಸ್ತ್ರಗಳನ್ನು ಅಚ್ಚು ಮಾಡಿಸುವುದೇ ಪಾಪ ಎಂದು ಹಲವರು ನಂಬಿದ್ದ ಕಾಲದಲ್ಲಿ ಮುದ್ರಣದ ಪರವಾಗಿ ನಿಂತವರು ಅವರು. ಮುಖ್ತಾರರಿಗೂ ಅವರಿಗೂ ಗಾಢವಾದ ಸ್ನೇಹ ಬೆಳೆಯಿತು. 1914ರ ಫೆಬ್ರವರಿ 12ರಂದು ಇಬ್ಬರೂ ಒಂದೇ ದಿನ ತಮ್ಮ ತಮ್ಮ ವೃತ್ತಿಯನ್ನು ಬಿಟ್ಟರು. ಮುಖ್ತಾರರಿಗೆ ಆಗ ಇನ್ನೂ 37 ತುಂಬಿರಲಿಲ್ಲ. ಒಳ್ಳೆಯ ಆದಾಯದ ಕೆಲಸ ಬಿಟ್ಟು ಜೈನ ಸಾಹಿತ್ಯ ಮತ್ತು ಸಮಾಜದ ಸೇವೆಗೆ ಪೂರ್ತಿ ನಿಂತುಬಿಟ್ಟರು.

ಅದಕ್ಕೆ ಮುಂಚೆಯೇ, 1913ರಲ್ಲಿ, ಜಿನಪೂಜೆಯ ಅಧಿಕಾರ ಯಾರಿಗುಂಟು ಎಂಬುದನ್ನು ಶಾಸ್ತ್ರಾಧಾರದಿಂದ ಚರ್ಚಿಸಿ ಪುಸ್ತಕ ಬರೆದಿದ್ದರು. ಕೆಲವು ಪಂಗಡಗಳ ಜೈನರನ್ನು ಪೂಜೆಯಿಂದ ದೂರ ಇಡುತ್ತಿದ್ದ ರೂಢಿ ಶಾಸ್ತ್ರಸಮ್ಮತವಲ್ಲ ಎಂಬುದು ಅದರ ನಿಲುವು. 1917ರಿಂದ ‘ಗ್ರಂಥ ಪರೀಕ್ಷಾ’ ಎಂಬ ಸಂಪುಟಗಳು ಬರತೊಡಗಿದವು. ಉಮಾಸ್ವಾಮಿ, ಕುಂದಕುಂದ, ಜಿನಸೇನ, ಭದ್ರಬಾಹು ಮೊದಲಾದ ಪೂಜ್ಯ ಆಚಾರ್ಯರ ಹೆಸರಿನಲ್ಲಿ ಬೇರೆ ಯಾರೋ ಬರೆದು ಹರಡಿದ್ದ ಗ್ರಂಥಗಳನ್ನು ಸಾಲುಸಾಲಾಗಿ ಪರೀಕ್ಷಿಸಿ, ಎಲ್ಲಿಂದ ಯಾವ ಶ್ಲೋಕ ತೆಗೆದು ಸೇರಿಸಿದ್ದಾರೆ ಎಂಬುದನ್ನು ಅವರು ತೋರಿಸಿದರು. ಸಮಾಜದಲ್ಲಿ ಕೋಲಾಹಲವೆದ್ದಿತು. ಮುಖ್ತಾರರು ಮಾತ್ರ ಅಲುಗಲಿಲ್ಲ. ಸತ್ಯವನ್ನು ಮುಚ್ಚಿಟ್ಟು ಧರ್ಮವನ್ನು ಕಾಯಲಾಗದು ಎಂಬುದು ಅವರ ನಂಬಿಕೆಯಾಗಿತ್ತು.

‘ಮೇರೀ ಭಾವನಾ’ ರಚನೆಯಾದದ್ದು 1916ರಲ್ಲಿ. ದೇವರನ್ನು ಹೆಸರಿನಿಂದಲ್ಲ, ರಾಗದ್ವೇಷಗಳನ್ನು ಗೆದ್ದ ಗುಣದಿಂದ ಗುರುತಿಸುವ ಪ್ರಾರ್ಥನೆ ಅದು. ಸರಳ ಹಿಂದಿಯಲ್ಲಿರುವುದರಿಂದ ಮಕ್ಕಳ ಬಾಯಿಗೂ ಸಲೀಸಾಗಿ ಬಂತು. ಅದರಲ್ಲಿ ಎರಡು ಕಡೆ ನಾವು ಸ್ವಲ್ಪ ನಿಂತು ನೋಡಬೇಕು. ಪ್ರಿಯರು ಅಗಲಿದಾಗ, ಅಪ್ರಿಯವಾದದ್ದು ಎದುರಾದಾಗ ಸಹನೆ ಕೆಡದಿರಲಿ ಎಂಬ ಬೇಡಿಕೆ ಒಂದು. ಲೋಕದಲ್ಲಿ ರೋಗರುಜಿನ, ಮಾರಿ, ಬರ ಹಬ್ಬದಿರಲಿ ಎಂಬುದು ಇನ್ನೊಂದು. ಮಾರಿರೋಗದಿಂದ ಎಂಟು ವರ್ಷದ ಮಗಳನ್ನು ಕಳೆದುಕೊಂಡಿದ್ದ ತಂದೆ ಈ ಪದ್ಯಗಳನ್ನು ಬರೆದರು ಎಂದು ತಿಳಿದ ಮೇಲೆ, ದಿನವೂ ಹೇಳುವ ಆ ಸಾಲುಗಳ ತೂಕ ಬೇರೆಯೇ ಆಗುತ್ತದೆ.

ವಿದ್ಯಾವತಿ

ಪ್ರಾರ್ಥನೆ ಬರೆದ ಮರುವರ್ಷ, 1917ರ ಡಿಸೆಂಬರಿನಲ್ಲಿ, ಮನೆಯಲ್ಲಿ ಮತ್ತೊಮ್ಮೆ ತೊಟ್ಟಿಲು ತೂಗಿತು. ಹತ್ತು ವರ್ಷಗಳ ಬಳಿಕ ಬಂದ ಈ ಎರಡನೆಯ ಮಗಳಿಗೆ ವಿದ್ಯಾವತಿ ಎಂದು ಹೆಸರಿಟ್ಟರು. ಮಗುವಿಗೆ ಮೂರು ತಿಂಗಳು ತುಂಬಿತ್ತಷ್ಟೆ, 1918ರ ಮಾರ್ಚಿನಲ್ಲಿ ತಾಯಿ ತೀರಿಕೊಂಡರು. ಸುಮಾರು 25 ವರ್ಷಗಳ ಸಂಸಾರ ಅಲ್ಲಿಗೆ ಮುಗಿಯಿತು. ನಲವತ್ತರ ಪ್ರಾಯದ ತಂದೆ ಮರುಮದುವೆಯಾಗಲಿಲ್ಲ. ಹಾಲೂಡಿಸಲು ದಾದಿಯನ್ನಿಟ್ಟು ಮಗುವನ್ನು ಬೆಳೆಸಿದರು. ಆದರೆ ಅದೂ ಉಳಿಯಲಿಲ್ಲ. 1920ರಲ್ಲಿ, ಎರಡೂವರೆ ವರ್ಷದ ಕೂಸಾಗಿದ್ದಾಗ, ವಿದ್ಯಾವತಿಯೂ ಕಾಯಿಲೆಯಿಂದ ತೀರಿಕೊಂಡಳು.

ಇಷ್ಟವಿಯೋಗದ ಸಹನೆಯನ್ನು ಬೇಡಿದ್ದವರಿಗೆ ನಾಲ್ಕೇ ವರ್ಷದಲ್ಲಿ ಎರಡು ಇಷ್ಟವಿಯೋಗಗಳು ಬಂದೊದಗಿದವು. ಪ್ರಿಯವಾದುದರ ಅಗಲಿಕೆಯಿಂದ ಮನಸ್ಸು ಅದರ ಹಿಂದೆಯೇ ಸುತ್ತುತ್ತ ಕೂರುವುದನ್ನು ನಮ್ಮ ಶಾಸ್ತ್ರ ಆರ್ತಧ್ಯಾನ ಎನ್ನುತ್ತದೆ. ಅದು ಕರ್ಮಬಂಧಕ್ಕೆ ಕಾರಣ ಎಂದು ಎಚ್ಚರಿಸುತ್ತದೆ. ಆದರೆ ಶಾಸ್ತ್ರ ಬಲ್ಲವನಿಗೆ ದುಃಖವಾಗುವುದಿಲ್ಲ ಎಂದಲ್ಲ. ಆ ದುಃಖವನ್ನು ಯಾವ ಕಡೆಗೆ ತಿರುಗಿಸುತ್ತಾನೆ ಎಂಬುದರಲ್ಲಿ ಶ್ರಾವಕನ ಪರೀಕ್ಷೆ ಇರುತ್ತದೆ. ಮುಖ್ತಾರರು ಮಕ್ಕಳನ್ನು ಮರೆಯಲು ಹೋಗಲಿಲ್ಲ. ಇಬ್ಬರ ನೆನಪುಗಳನ್ನೂ ಸೇರಿಸಿ ‘ಸನ್ಮತಿ-ವಿದ್ಯಾ-ವಿನೋದ’ ಎಂಬ ಲೇಖನ ಬರೆದರು. ಶಾಸ್ತ್ರದ ವಾದಗಳಲ್ಲಿ ಕಠಿಣವಾದ ಲೇಖನಿ ಎನಿಸಿಕೊಂಡವರ ಬರಹಗಳ ಸಂಪುಟದಲ್ಲಿ ಈ ಎರಡು ಪುಟ್ಟ ಹೆಣ್ಣುಮಕ್ಕಳಿಗೂ ಜಾಗ ಸಿಕ್ಕಿತು.

ಸನ್ಮತಿ-ವಿದ್ಯಾ ನಿಧಿ

ಮಗು ಹೋದ ಮನೆಯಲ್ಲಿ ಅದರ ಸಣ್ಣಪುಟ್ಟ ವಸ್ತುಗಳು ಉಳಿದಿರುತ್ತವೆ. ಕಾಲಿನ ಗೆಜ್ಜೆ, ಕೈಯ ಬಳೆ, ಕೊರಳ ಸರ. ಅವನ್ನು ಏನು ಮಾಡಬೇಕು ಎಂಬುದು ಯಾವ ತಾಯಿತಂದೆಗೂ ಸುಲಭದ ಪ್ರಶ್ನೆಯಲ್ಲ. ಕೆಲವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಕೆಲವರು ಕರಗಿಸಿ ಬೇರೆ ಒಡವೆ ಮಾಡಿಸುತ್ತಾರೆ. ಮುಖ್ತಾರರು ಅದನ್ನು ಮಕ್ಕಳ ಸ್ವತ್ತು ಎಂದೇ ಭಾವಿಸಿದರು. ಮನೆಯ ಹಣದೊಂದಿಗೆ ಅದನ್ನು ಬೆರೆಸದೆ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಜೋಡಿಸಿ ‘ಸನ್ಮತಿ-ವಿದ್ಯಾ ನಿಧಿ’ ಮಾಡಿದರು. ಅದರ ಉದ್ದೇಶ ಒಂದೇ: ಮಕ್ಕಳಿಗೆ ಓದಲು ಒಳ್ಳೆಯ ಪುಸ್ತಕ ಒದಗಿಸುವುದು.

ಅಮೃತಶಿಲೆಯ ಮಂಟಪವನ್ನೋ ಹೆಸರು ಕೆತ್ತಿಸಿದ ಕಟ್ಟಡವನ್ನೋ ಕಟ್ಟಿಸದೆ ಅವರು ಪುಸ್ತಕಗಳಿಗೇ ನಿಧಿಯಿಟ್ಟರು. ಓದುವ ವಯಸ್ಸಿನಲ್ಲಿ ಹೋದವಳು ಒಬ್ಬಳು, ಓದುವ ವಯಸ್ಸಿಗೆ ಬಾರದೆ ಹೋದವಳು ಇನ್ನೊಬ್ಬಳು. ಅವರು ಓದಬೇಕಾಗಿದ್ದ ಪುಸ್ತಕಗಳನ್ನು ಬೇರೆ ಮಕ್ಕಳು ಓದಲಿ ಎಂಬ ಭಾವ ಈ ನಿಧಿಯಲ್ಲಿದೆ. ಒಳ್ಳೆಯ ಬುದ್ಧಿ ಮತ್ತು ವಿದ್ಯೆ ಎಂಬ ಅವರ ಹೆಸರುಗಳ ಅರ್ಥವೂ ಅದಕ್ಕೆ ಹೊಂದಿಬಂತು.

ಮುಂದೆ ಅವರ ಸಂಸ್ಥೆಯಾದ ವೀರ ಸೇವಾ ಮಂದಿರದಿಂದ ‘ಸನ್ಮತಿ-ವಿದ್ಯಾ ಪ್ರಕಾಶಮಾಲಾ’ ಎಂಬ ಪುಸ್ತಕಮಾಲೆ ಹೊರಟಿತು. ಅದರ ಮೊದಲ ಪುಸ್ತಕ ಮುಖ್ತಾರರೇ ಬರೆದ ‘ಅನೇಕಾಂತ-ರಸ-ಲಹರಿ’. ಮಕ್ಕಳು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕವೂ ಆ ಹಣ ಆ ಹೆಸರಿನಲ್ಲೇ, ಆ ಉದ್ದೇಶಕ್ಕೇ ಉಳಿದಿತ್ತು.

ದೊಡ್ಡ ದಾನಿ ಯಾರು?

‘ಅನೇಕಾಂತ-ರಸ-ಲಹರಿ’ ಚಿಕ್ಕ ಪುಸ್ತಕ. ಅನೇಕಾಂತವೆಂದರೆ ದೊಡ್ಡ ಪಂಡಿತರಿಗಷ್ಟೇ ತಿಳಿಯುವ ತರ್ಕ ಎಂಬ ಭಯವನ್ನು ಹೋಗಲಾಡಿಸಲು, ಗುರು ಮತ್ತು ವಿದ್ಯಾರ್ಥಿಗಳ ನಡುವಿನ ಮಾತುಕತೆಯ ರೂಪದಲ್ಲಿ ಬರೆದದ್ದು. ಮೊದಲು ಸಣ್ಣದು ದೊಡ್ಡದು ಎಂಬ ವಿಷಯ ಬರುತ್ತದೆ. ಒಂದು ಗೆರೆ ತನಗಿಂತ ಉದ್ದದ ಗೆರೆಯ ಪಕ್ಕದಲ್ಲಿ ಸಣ್ಣದು, ತನಗಿಂತ ಗಿಡ್ಡ ಗೆರೆಯ ಪಕ್ಕದಲ್ಲಿ ದೊಡ್ಡದು. ಒಂದೇ ಗೆರೆ ಎರಡೂ ಆಗಬಲ್ಲದು. ಯಾವುದಕ್ಕೆ ಹೋಲಿಸಿದಾಗ ಎಂಬುದನ್ನು ಹೇಳದೆ ಸಣ್ಣದು ದೊಡ್ಡದು ಎನ್ನುವುದು ಅರ್ಧ ಮಾತಾಗುತ್ತದೆ.

ಅಲ್ಲಿಂದ ಗುರು ದಾನದ ವಿಷಯಕ್ಕೆ ಬರುತ್ತಾನೆ. ಸಮಾನವಾದ ಮೊತ್ತ ಕೊಟ್ಟ ದಾನಿಗಳೆಲ್ಲ ಸಮಾನರೇ, ಹೆಚ್ಚು ಮೊತ್ತ ಕೊಟ್ಟವನು ದೊಡ್ಡ ದಾನಿಯೇ ಎಂಬ ಪ್ರಶ್ನೆ ಏಳುತ್ತದೆ. ಹುಡುಗರು ಮೊದಲು ರೂಪಾಯಿಯ ಲೆಕ್ಕದಲ್ಲಿ ಉತ್ತರಿಸುತ್ತಾರೆ. ಹಣ ಹೇಗೆ ಬಂತು, ಯಾವ ಭಾವದಿಂದ ಕೊಟ್ಟ, ಯಾವ ಕೆಲಸಕ್ಕೆ ಕೊಟ್ಟ, ಅದರಿಂದ ಜೀವಿಗಳಿಗೆ ಹಿತವಾಯಿತೇ ಅಹಿತವಾಯಿತೇ ಎಂಬುದನ್ನೆಲ್ಲ ನೋಡುತ್ತ ಹೋದಂತೆ ಅವರ ಉತ್ತರ ಬದಲಾಗುತ್ತದೆ. ಕಡಿಮೆ ಕೊಟ್ಟವನು ದೊಡ್ಡ ದಾನಿಯಾಗಬಹುದು, ಹೆಚ್ಚು ಕೊಟ್ಟವನು ಸಣ್ಣ ದಾನಿಯಾಗಬಹುದು ಎಂಬುದು ಅವರಿಗೇ ಹೊಳೆಯುತ್ತದೆ.

ಈ ಪಾಠ ಇಬ್ಬರು ಮಕ್ಕಳ ಹೆಸರಿನ ಮಾಲೆಯ ಮೊದಲ ಪುಸ್ತಕದಲ್ಲೇ ಬಂದಿರುವುದು ಗಮನಿಸಬೇಕಾದ ಸಂಗತಿ. ಮಕ್ಕಳ ಒಡವೆಯಿಂದಾದ ನಿಧಿ ರೂಪಾಯಿ ಲೆಕ್ಕದಲ್ಲಿ ಸಣ್ಣದು. ಮುಖ್ತಾರರು ದೊಡ್ಡ ಸಾಹುಕಾರರಲ್ಲ, ಕೈತುಂಬ ಬರುತ್ತಿದ್ದ ಸಂಪಾದನೆಯನ್ನೂ ಬಿಟ್ಟು ಬಂದವರು. ಆದರೆ ಆ ನಿಧಿಯನ್ನು ಯಾವ ಗೆರೆಯ ಪಕ್ಕದಲ್ಲಿಟ್ಟು ಅಳೆಯಬೇಕು ಎಂಬುದನ್ನು ಅವರ ಪುಸ್ತಕವೇ ನಮಗೆ ಕಲಿಸುತ್ತದೆ.

ಕನ್ನಡ ನಾಡಿನ ನಂಟು

ಮುಖ್ತಾರರ ಬದುಕಿನ ಬಹುಭಾಗವನ್ನು ತುಂಬಿದವರು ಸ್ವಾಮಿ ಸಮಂತಭದ್ರಾಚಾರ್ಯರು. ದಕ್ಷಿಣದ ಈ ಮಹಾನ್ ಆಚಾರ್ಯರ ಚರಿತ್ರೆಯನ್ನು ಬರೆಯಲು ಹೊರಟಾಗ ಅವರಿಗೆ ಮುಖ್ಯ ಆಧಾರಗಳು ಸಿಕ್ಕಿದ್ದು ನಮ್ಮ ಕನ್ನಡ ನಾಡಿನಿಂದ. ಶ್ರವಣಬೆಳಗೊಳದ ಶಾಸನಗಳನ್ನು ಮೊದಲು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನದಲ್ಲಿ ಸಮಂತಭದ್ರರ ಭಸ್ಮಕ ವ್ಯಾಧಿಯ ಪ್ರಸ್ತಾಪವೂ, ಅವರು ಪಾಟಲಿಪುತ್ರದಿಂದ ಕಂಚಿ, ಕರಹಾಟಕದವರೆಗೆ ವಾದಕ್ಕಾಗಿ ಸಂಚರಿಸಿದ ವಿವರವೂ ಇದೆ. ದೇವಚಂದ್ರನ ಕನ್ನಡ ಕೃತಿ ‘ರಾಜಾವಳೀಕಥೆ’ಯಲ್ಲಿಯೂ ಆಚಾರ್ಯರ ಕಥೆಯಿದೆ. ಇವೆಲ್ಲವನ್ನೂ ತೂಗಿ ನೋಡಿ ಮುಖ್ತಾರರು ಬರೆದ ‘ಸ್ವಾಮೀ ಸಮಂತಭದ್ರ’ ಎಂಬ ಚರಿತ್ರೆ 1925ರಲ್ಲಿ ಬೆಳಕು ಕಂಡಿತು. ಮಗಳು ವಿದ್ಯಾವತಿ ತೀರಿಕೊಂಡು ಆಗ ಐದು ವರ್ಷವಾಗಿತ್ತು.

ಆಮೇಲೆ ‘ಸ್ವಯಂಭೂಸ್ತೋತ್ರ’, ‘ಯುಕ್ತ್ಯನುಶಾಸನ’ ಮತ್ತು ‘ರತ್ನಕರಂಡಕ ಶ್ರಾವಕಾಚಾರ’ಗಳನ್ನು ಅರ್ಥವಿವರಣೆಯೊಂದಿಗೆ ಪ್ರಕಟಿಸಿದರು. ರತ್ನಕರಂಡಕದ ಅವರ ವ್ಯಾಖ್ಯಾನ ‘ಸಮೀಚೀನ ಧರ್ಮಶಾಸ್ತ್ರ’ ಎಂಬ ಹೆಸರಿನಲ್ಲಿ 1955ರಲ್ಲಿ ಬಂತು. ಶ್ರಾವಕರ ದಾನಧರ್ಮವನ್ನು ಸಮಂತಭದ್ರರು ಅಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಉಪಕರಣವೆಂದರೆ ಶಾಸ್ತ್ರ ಮೊದಲಾದ ಜ್ಞಾನದ ಸಾಧನ. ಅದಕ್ಕೆ ದೃಷ್ಟಾಂತವಾಗಿ ಬರುವವನು ಕೌಂಡೇಶ. ಹಿಂದಿನ ಜನ್ಮದಲ್ಲಿ ಅವನೊಬ್ಬ ದನಗಾಹಿ. ಮರದ ಪೊಟರೆಯಲ್ಲಿ ಸಿಕ್ಕಿದ ಶಾಸ್ತ್ರವನ್ನು ಜತನವಾಗಿ ಕಾಪಾಡಿ ಮುನಿಗಳ ಕೈಗೆ ಒಪ್ಪಿಸಿದ. ಓದಲು ಬಾರದವನು ಮಾಡಿದ ಶಾಸ್ತ್ರದಾನ ಅದು. ಯೋಗ್ಯ ಸ್ಥಳದಲ್ಲಿ ಕೊಟ್ಟ ಅಲ್ಪ ದಾನವೂ ಆಲದ ಬೀಜದಂತೆ ಕಾಲಾಂತರದಲ್ಲಿ ದೊಡ್ಡ ನೆರಳಾಗುತ್ತದೆ ಎಂಬ ಭಾವವೂ ಅದೇ ಪ್ರಕರಣದಲ್ಲಿದೆ. ವರ್ಷಗಟ್ಟಲೆ ಈ ಗ್ರಂಥದೊಂದಿಗೆ ಬದುಕಿದವರು ತಮ್ಮ ಮಕ್ಕಳ ನೆನಪಿಗೆ ಶಾಸ್ತ್ರದಾನವನ್ನೇ ಆರಿಸಿಕೊಂಡದ್ದು ಸಹಜವಾಗಿದೆ.

ಮೂಡಬಿದಿರೆಯ ಧವಲಾದಿ ಸಿದ್ಧಾಂತ ಗ್ರಂಥಗಳೊಂದಿಗೂ ಅವರ ನಂಟಿತ್ತು. 1896ರಲ್ಲಿ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಸೇಠ್ ಮಾಣಿಕಚಂದ ಮೊದಲಾದವರ ಪ್ರಯತ್ನದಿಂದ ಆ ತಾಳೆಗರಿಗಳ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಗಜಪತಿ ಉಪಾಧ್ಯಾಯರು ಆ ಕೆಲಸಕ್ಕೆ ಕೂತರು. ಕಾಲಕ್ರಮದಲ್ಲಿ ಒಂದು ಕನ್ನಡ ಪ್ರತಿ ಮುಖ್ತಾರರ ಜಿಲ್ಲಾಕೇಂದ್ರವಾದ ಸಹಾರನಪುರವನ್ನೇ ತಲುಪಿತು. ಅಲ್ಲಿಂದ ನಾಗರಿ ಪ್ರತಿಗಳಾಗಿ ಬೇರೆ ಬೇರೆ ಭಂಡಾರಗಳಿಗೆ ಹೋದವು. ಬಿಹಾರದ ಆರಾ ಪಟ್ಟಣದ ಜೈನ ಸಿದ್ಧಾಂತ ಭವನದಲ್ಲಿ ಕುಳಿತು ಮುಖ್ತಾರರು ಆ ಮಹಾಗ್ರಂಥಗಳನ್ನು ಓದಿ ಟಿಪ್ಪಣಿ ಮಾಡಿಕೊಂಡರು. ನಮ್ಮವರೇ ಆದ ವಿದ್ವಾಂಸ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಹಲವು ವರ್ಷ ಸೇವೆ ಸಲ್ಲಿಸಿದ ಭವನ ಅದು.

ಸಂಸ್ಥೆ ಕಟ್ಟಿದ ಕಷ್ಟ

1929ರ ಏಪ್ರಿಲಿನಲ್ಲಿ ದೆಹಲಿಯ ಕರೋಲಬಾಗಿನಲ್ಲಿ ಮುಖ್ತಾರರು ಸಮಂತಭದ್ರಾಶ್ರಮ ಸ್ಥಾಪಿಸಿದರು. ಅಲ್ಲಿಂದ ‘ಅನೇಕಾಂತ’ ಎಂಬ ಸಂಶೋಧನ ಪತ್ರಿಕೆ ಹೊರಟಿತು. ಪತ್ರಿಕೆಗೆ ಮೆಚ್ಚುಗೆ ಬಂತು, ಹಣ ಬರಲಿಲ್ಲ. ಒಂದು ವರ್ಷದ ಸಂಚಿಕೆಗಳ ನಂತರ ನಿಂತುಹೋಯಿತು. ಆಶ್ರಮವನ್ನು ಸರಸಾವಾಕ್ಕೆ ಸಾಗಿಸಬೇಕಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಮುಖ್ತಾರರು ತಮ್ಮ ಸ್ವಂತ ಹಣದಿಂದ ಊರಿನಲ್ಲಿ ಕಟ್ಟಡ ಕಟ್ಟಿಸಿದರು. 1936ರ ಏಪ್ರಿಲ್ 24ರಂದು ವೀರ ಸೇವಾ ಮಂದಿರ ಉದ್ಘಾಟನೆಯಾಯಿತು. 1938ರಲ್ಲಿ, ಎಂಟು ವರ್ಷಗಳ ಬಿಡುವಿನ ನಂತರ, ‘ಅನೇಕಾಂತ’ ಮತ್ತೆ ಹೊರಟಿತು. ಕಲಕತ್ತೆಯ ಬಾಬು ಛೋಟೇಲಾಲ್ ಜೈನ್ ಮೊದಲಾದ ದಾನಿಗಳು ಸಂಸ್ಥೆಗೆ ಒತ್ತಾಸೆಯಾದರು. 1954ರಲ್ಲಿ ದೆಹಲಿಯ ದರಿಯಾಗಂಜಿನಲ್ಲಿ ಸಂಸ್ಥೆಯ ಹೊಸ ಕಟ್ಟಡಕ್ಕೆ ಸಾಹು ಶಾಂತಿಪ್ರಸಾದ ಜೈನರ ಕೈಯಿಂದ ಶಂಕುಸ್ಥಾಪನೆ ನಡೆಯಿತು.

ಭಗವಾನ್ ಮಹಾವೀರರ ಮೊದಲ ದಿವ್ಯಧ್ವನಿ ಹೊರಟ ದಿನವನ್ನು ವೀರ ಶಾಸನ ಜಯಂತಿಯಾಗಿ ಆಚರಿಸುವ ಪದ್ಧತಿಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರೂ ಮುಖ್ತಾರರೇ. ಉತ್ತರದವರ ಲೆಕ್ಕದಲ್ಲಿ ಅದು ಶ್ರಾವಣ ಕೃಷ್ಣ ಪ್ರತಿಪದೆ. ನಮ್ಮ ಪಂಚಾಂಗದಲ್ಲಿ ಅದೇ ದಿನ ಆಷಾಢ ಬಹುಳ ಪಾಡ್ಯ. 1944ರಲ್ಲಿ ಈ ಶಾಸನಕ್ಕೆ 2500 ವರ್ಷ ತುಂಬಿದ ಮಹೋತ್ಸವ ರಾಜಗಿರಿ ಮತ್ತು ಕಲಕತ್ತೆಗಳಲ್ಲಿ ನಡೆಯಿತು.

ತಮ್ಮ ಆಸ್ತಿಯನ್ನು ಅವರು ಟ್ರಸ್ಟಿಗೆ ಬಿಟ್ಟುಕೊಟ್ಟರು. ವಾರಸುದಾರರಾಗಬೇಕಾಗಿದ್ದ ಮಕ್ಕಳು ಇರಲಿಲ್ಲ. ವಾರಸಿಕೆ ಪುಸ್ತಕಗಳಿಗೆ ಮತ್ತು ಓದುಗರಿಗೆ ಹೋಯಿತು. ಕೊನೆಯ ವರ್ಷಗಳನ್ನು ಏಟಾ ಪಟ್ಟಣದಲ್ಲಿ ಬಂಧುಗಳ ಮನೆಯಲ್ಲಿ ಕಳೆದರು. ಅಲ್ಲಿಯೂ ಬರವಣಿಗೆ ನಿಲ್ಲಲಿಲ್ಲ. 1968ರ ಡಿಸೆಂಬರ್ 22ರಂದು, 91ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ನಮ್ಮ ಪರೋಕ್ಷವಿನಯ

ಅಗಲಿದವರ ನೆನಪಿಗೆ ಧರ್ಮಕಾರ್ಯ ಮಾಡುವುದಕ್ಕೆ ಕನ್ನಡ ಶಾಸನಗಳಲ್ಲಿ ಒಂದು ಸುಂದರವಾದ ಹೆಸರಿದೆ: ಪರೋಕ್ಷವಿನಯ. ಕಣ್ಣೆದುರು ಇಲ್ಲದವರಿಗೆ ಸಲ್ಲಿಸುವ ವಿನಯ ಅದು. ಮಲ್ಲಪಯ್ಯ, ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರು ಜಿನಚಂದ್ರದೇವರ ನೆನಪಿಗೆ ಪೊನ್ನಕವಿಯಿಂದ ‘ಶಾಂತಿಪುರಾಣ’ ಬರೆಸಿದರು. ಮಲ್ಲಪಯ್ಯನ ಮಗಳು ದಾನಚಿಂತಾಮಣಿ ಅತ್ತಿಮಬ್ಬೆ ಅದೇ ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಬೊಪ್ಪದೇವನು 1133ರಲ್ಲಿ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ. ಬೆಳಗೊಳದ ಬೆಟ್ಟದ ಮೇಲೆ ಹೆಜ್ಜೆಹೆಜ್ಜೆಗೂ ಕಾಣುವ ನಿಷಿಧಿಗಳೂ ಇದನ್ನೇ ಹೇಳುತ್ತವೆ.

ಮಕ್ಕಳು ತಂದೆತಾಯಿಗಳಿಗೆ, ಶಿಷ್ಯರು ಗುರುಗಳಿಗೆ ಪರೋಕ್ಷವಿನಯ ಸಲ್ಲಿಸುವುದು ಕಾಲದ ಸಹಜ ಕ್ರಮ. ತಂದೆಯೇ ಮಕ್ಕಳಿಗೆ ಸಲ್ಲಿಸಬೇಕಾಗಿ ಬಂದಾಗ ಆ ಕ್ರಮ ತಲೆಕೆಳಗಾಗಿರುತ್ತದೆ. ಅಂಥ ಹೊತ್ತಿನಲ್ಲಿ ಬಂಧುಗಳು ಹೇಳುವ ಸಾಂತ್ವನದ ಮಾತು ಹೆಚ್ಚು ದೂರ ಹೋಗುವುದಿಲ್ಲ. ಕೈಗೆ ಒಂದು ಕೆಲಸ ಸಿಕ್ಕರೆ ಅದು ದಿನಗಳನ್ನು ದಾಟಿಸುತ್ತದೆ. ಮುಖ್ತಾರರ ಬದುಕಿನಲ್ಲಿ ನಡೆದದ್ದೂ ಅದೇ.

ಇಂದು ನಮ್ಮ ನಡುವೆ ಮಗುವಿನ ನೆನಪಿಗೆ ವಿದ್ಯಾರ್ಥಿವೇತನ ಇಡುವವರಿದ್ದಾರೆ, ಆಹಾರದಾನ ಮಾಡಿಸುವವರಿದ್ದಾರೆ, ಆಸ್ಪತ್ರೆಗೆ ನೆರವು ಸಂಗ್ರಹಿಸುವವರಿದ್ದಾರೆ. ಅವರೆಲ್ಲರಿಗೂ ಈ ಜೀವನದಿಂದ ಮೂರು ಮಾತು ಸಿಗುತ್ತವೆ. ಮೊದಲನೆಯದು, ಮಗುವಿನ ಹೆಸರಿನ ಹಣವನ್ನು ಮನೆಯ ಹಣದೊಂದಿಗೆ ಬೆರೆಸದೆ ಬೇರೆಯೇ ಇಡಬೇಕು. ಊರವರು, ನೆಂಟರು ಕೊಟ್ಟದ್ದು ಸೇರಿದ್ದರಂತೂ ಒಂದೊಂದು ರೂಪಾಯಿಗೂ ಲೆಕ್ಕ ಇರಬೇಕು. ಎರಡನೆಯದು, ಉದ್ದೇಶವನ್ನು ಮೊದಲೇ ಗೊತ್ತು ಮಾಡಿ ಅದಕ್ಕೇ ಅಂಟಿಕೊಳ್ಳಬೇಕು. ಮೂರನೆಯದು, ಮೊತ್ತ ಸಣ್ಣದೆಂದು ಸಂಕೋಚಪಡಬಾರದು. ಎರಡು ಪುಟ್ಟ ಮಕ್ಕಳ ಒಡವೆಗಿಂತ ದೊಡ್ಡ ಬಂಡವಾಳವೇನೂ ಮುಖ್ತಾರರ ಆ ನಿಧಿಗೆ ಇರಲಿಲ್ಲ.

ಸನ್ಮತಿ ಎಂಟು ವರ್ಷ, ವಿದ್ಯಾವತಿ ಎರಡೂವರೆ ವರ್ಷ ಬದುಕಿದರು. ಅವರ ಹೆಸರು ಹೊತ್ತ ಪುಸ್ತಕ ಅದಕ್ಕಿಂತ ಬಹಳ ಹೆಚ್ಚು ಕಾಲ ಮಕ್ಕಳ ಕೈಯಲ್ಲಿ ಓಡಾಡಿತು. ಅವರ ತಂದೆ ಬರೆದ ಪ್ರಾರ್ಥನೆಯನ್ನು ಇಂದಿಗೂ ಸಾವಿರಾರು ಮಕ್ಕಳು ಹೇಳುತ್ತಿದ್ದಾರೆ. ಮುಂದಿನ ಸಲ ನಿಮ್ಮ ಮನೆಯ ಮಗು ‘ಮೇರೀ ಭಾವನಾ’ ಹೇಳುವಾಗ ಈ ಇಬ್ಬರು ಅಕ್ಕತಂಗಿಯರ ಹೆಸರನ್ನೂ ಅದಕ್ಕೆ ಹೇಳಿಕೊಡಿ.

ಜೈ ಜಿನೇಂದ್ರ.